ಗೋಕರ್ಣ: ಕುಡ್ಲೆಯಿಂದ ಪ್ಯಾರಡೈಸ್‌ವರೆಗೆ ನಾಯಿ ಜೊತೆ ನಡೆಯಬಹುದೇ?

ಬಿಳಿಬಾಲ:
ಡಿಸೆಂಬರ್ ಎರಡನೇ ವಾರ ಗೋಕರ್ಣಕ್ಕೆ ಬರುತ್ತಿದ್ದೇವೆ. ನಮ್ಮ ಲ್ಯಾಬ್ರಡಾರ್‌ಗೆ 4 ವರ್ಷ, ತೂಕ 30 ಕೆ.ಜಿ., ಸಮುದ್ರ ಕಂಡಿಲ್ಲ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ನಾಲ್ಕೂ ಬೀಚುಗಳನ್ನು ಅವನಿಗೆ ನಡೆಸಿಕೊಂಡೇ ತೋರಿಸಬಹುದೇ? ನೀರು ಎಷ್ಟು ಒಯ್ಯಬೇಕು? ಉಪ್ಪುನೀರಿಗೆ ಬಿಡಬಹುದಾ?

ಚಿರೇಕಲ್ಲು:
ಕುಡ್ಲೆಯಿಂದ ಓಂವರೆಗೆ ಧಾರಾಳವಾಗಿ ಹೋಗಿ. ಗುಡ್ಡ ಹತ್ತಿ ಇಳಿದರೆ ಇಪ್ಪತ್ತು ನಿಮಿಷದ ದಾರಿ. ಓಂನಿಂದ ಹಾಫ್ ಮೂನ್‌ಗೆ ಕಡಲಂಚಿನ ಕಾಲುದಾರಿ. ಅಲ್ಲಲ್ಲಿ ಸಡಿಲ ಕಲ್ಲು, ಒಂದು ಮಗ್ಗುಲಿಗೆ ಇಳಿಜಾರು. ಅಲ್ಲಿ ಹಗ್ಗ ಗಿಡ್ಡವಾಗಿರಲಿ, ನಾಯಿ ಗುಡ್ಡದ ಬದಿಗೆ, ನೀವು ಕಡಲ ಬದಿಗೆ. ಪ್ಯಾರಡೈಸ್ ಬೇಡ. ಹಾಫ್ ಮೂನ್ ದಾಟಿದ ಮೇಲೆ ಬಂಡೆಯಿಂದ ಬಂಡೆಗೆ ಇಳಿಯಬೇಕು. 30 ಕೆ.ಜಿ. ನಾಯಿಯನ್ನು ಅಲ್ಲಿ ಎತ್ತಿಕೊಂಡು ಇಳಿಯುವುದು ಆಗದ ಮಾತು.

ಹೊತ್ತು ನೋಡಿಕೊಂಡು ಹೊರಡಿ. ಆ ಹೊತ್ತಿಗೆ ಸೂರ್ಯೋದಯ ಸುಮಾರು 6:50. ಈ ಬೀಚುಗಳ ಮುಖ ಪಡುವಣಕ್ಕೆ, ಬೆನ್ನಿಗೆ ಗುಡ್ಡ. ಹಾಗಾಗಿ ಬೆಳಿಗ್ಗೆ ಮರಳ ಮೇಲೆ ಒಂದಷ್ಟು ಹೊತ್ತು ನೆರಳಿರುತ್ತದೆ. 9:30ರೊಳಗೆ ವಾಪಸ್ ಮುಟ್ಟುವ ಲೆಕ್ಕ ಇಟ್ಟುಕೊಳ್ಳಿ. ಸಂಜೆ ಹೊರಟರೆ ದಾರಿಯ ಕೆಂಪು ಚಿರೇಕಲ್ಲು ಬಿಸಿಲಿಗೆ ಕಾದೇ ಇರುತ್ತದೆ. ಅಂಗೈಯ ಹಿಂಭಾಗವನ್ನು ಕಲ್ಲಿಗೆ 7 ಸೆಕೆಂಡ್ ಒತ್ತಿ ಹಿಡಿಯಲು ಆಗದಿದ್ದರೆ ನಾಯಿಯ ಅಂಗಾಲಿಗೂ ಅದು ಬಿಸಿಯೇ.

ಇಳಿತದ ಹೊತ್ತಿನ ಒದ್ದೆ ಮರಳು ಗಟ್ಟಿ, ನಡೆಯಲು ಹಾಯಿ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ನಿನ್ನೆಯ ಸಮಯ ಇವತ್ತಿಗೆ ಆಗುವುದಿಲ್ಲ. ಆದರೆ ಆಗ ಬೀಚಿನ ತುದಿಯ ಬಂಡೆಗಳೂ ತೆರೆದುಕೊಳ್ಳುತ್ತವೆ. ಅವಕ್ಕೆ ಅಂಟಿದ ಚಿಪ್ಪು ಬ್ಲೇಡಿನಂತೆ ಅಂಗಾಲು ಸೀಳುತ್ತದೆ. ದೂರ ಇರಿ.

ಕಡಲಂಚು:
ನೀರಿನ ಮಾತು. ನಾಯಿಗೇ ಅಂತ 2 ಲೀಟರ್ ಸಿಹಿನೀರು ಬೇರೆ ಒಯ್ಯಿರಿ, 20 ನಿಮಿಷಕ್ಕೊಮ್ಮೆ ಸುಮಾರು 150 ಮಿ.ಲೀ. ಕೊಡಿ. ಬಾಯಾರುವವರೆಗೆ ಕಾದರೆ ಅದು ಅಲೆಯನ್ನೇ ನೆಕ್ಕುತ್ತದೆ. ಸಮುದ್ರದ ನೀರು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಸ್ವಲ್ಪ ಕುಡಿದರೆ ಭೇದಿ ಅಷ್ಟೇ. ಹೊಟ್ಟೆ ತುಂಬ ಕುಡಿದರೆ ಪದೇ ಪದೇ ವಾಂತಿ, ತೂರಾಟ, ನಡುಕ, ಕೊನೆಗೆ ಸೆಳವು (ಫಿಟ್ಸ್). ತೂರಾಟ ಕಂಡರೆ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ. ಒಮ್ಮೆಲೇ ಬಕೆಟ್ ನೀರು ಕುಡಿಸುವುದೂ ತಪ್ಪು.

ಲ್ಯಾಬ್‌ಗಳು ಹೆಚ್ಚು ಉಪ್ಪುನೀರು ನುಂಗುವುದು ಚೆಂಡು ತರುವಾಗ. ಬಾಯಿ ದೊಡ್ಡದಾಗಿ ತೆರೆದು ಕಚ್ಚುತ್ತವೆ, ಪ್ರತಿ ಸಲ ಒಂದು ಗುಟುಕು ಒಳಗೆ. ಚೆಂಡಿನ ಬದಲು ಚಪ್ಪಟೆ ರಬ್ಬರ್ ತಟ್ಟೆ ಎಸೆಯಿರಿ. 10 ನಿಮಿಷ ಆಟ, ಆಮೇಲೆ ದಡದಲ್ಲಿ ವಿಶ್ರಾಂತಿ. ಮೊದಲ ದಿನ ಮೊಣಕಾಲು ಮಟ್ಟದ ನೀರು ಸಾಕು, 5 ಮೀಟರ್ ಹಗ್ಗ ಕೈಯಲ್ಲೇ ಇರಲಿ. ಎಳೆದರೆ ಉದ್ದವಾಗುವ ಹಗ್ಗದ ಡಬ್ಬಿ ಬೇಡ, ಒಳಗೆ ಮರಳು ಹೊಕ್ಕರೆ ಅದು ಸಿಕ್ಕಿಕೊಳ್ಳುತ್ತದೆ. ಹಗ್ಗದ ಕೊಕ್ಕೆ ಹಿತ್ತಾಳೆಯದಾಗಲಿ.

ಬಿಳಿಬಾಲ:
ಪ್ಯಾರಡೈಸ್ ಕೈಬಿಟ್ಟೆವು. ಕಾಲಿಗೆ ಶೂ ಬೇಕಾ? ದಡದಲ್ಲಿ ಬಿದ್ದಿರುವ ಮೀನು ಕಂಡರೆ ಇವನನ್ನು ಹಿಡಿಯುವುದು ಕಷ್ಟ.

ಚಿರೇಕಲ್ಲು:
ಮರಳಲ್ಲಿ ಶೂ ಬೇಡ, ಒಳಗೆ ಮರಳು ಸೇರಿ ಚರ್ಮ ಉಜ್ಜುತ್ತದೆ.

ಕಡಲಂಚು:
ಮೀನೇ ದೊಡ್ಡ ತೊಂದರೆ. ಬಲೆಯಿಂದ ಬಿಸಾಡಿದ ಮೀನಿನಲ್ಲಿ ಹೊಟ್ಟೆ ಊದಿಸಿಕೊಳ್ಳುವ ಪಫರ್ ಮೀನೂ ಇರಬಹುದು. ಅದರ ವಿಷಕ್ಕೆ ಮದ್ದಿಲ್ಲ, ಉಸಿರಾಟವೇ ನಿಲ್ಲುತ್ತದೆ. ಲೋಳೆಮೀನು (ಜೆಲ್ಲಿಫಿಶ್) ಸತ್ತು ಒಣಗಿದರೂ ಕುಟುಕುತ್ತದೆ. 'ಬಿಡು' ಎಂಬ ಮಾತನ್ನು ಈಗಿನಿಂದಲೇ ಮನೆಯಲ್ಲಿ ಕಲಿಸಿ, ಬಾಯಿಗೆ ಬುಟ್ಟಿಯಂಥ ಮುಖವಾಡವೂ ಇರಲಿ. ಗಾಳ ನುಂಗಿ ದಾರ ಹೊರಗೆ ನೇತಾಡುತ್ತಿದ್ದರೆ ಎಳೆಯಬೇಡಿ, ಗಿಡ್ಡವಾಗಿ ಕತ್ತರಿಸಲೂಬೇಡಿ. ದಾರದ ತುದಿಯನ್ನು ಕೊರಳಪಟ್ಟಿಗೆ ಕಟ್ಟಿ ನೇರ ಕುಮಟಾ ಪಟ್ಟಣದ ಪಶುವೈದ್ಯರ ಕಡೆ ಹೊರಡಿ.

ಇನ್ನೊಂದು ವಿಷಯ, ದಯವಿಟ್ಟು ಮರೆಯಬೇಡಿ. ಆಲಿವ್ ರಿಡ್ಲೆ ಆಮೆ ನಮ್ಮ ಕರಾವಳಿಯಲ್ಲಿ ಮೊಟ್ಟೆ ಇಡುವುದು ಚಳಿಗಾಲದಲ್ಲೇ. ಉಬ್ಬರದ ಗೆರೆಗಿಂತ ಮೇಲಿನ ಒಣ ಮರಳಲ್ಲಿ ನಾಯಿ ಕೆದಕಲು ಶುರು ಮಾಡಿದರೆ ತಕ್ಷಣ ಎಳೆದುಕೊಳ್ಳಿ. ಹೊನ್ನಾವರದ ಕಾಸರಕೋಡು ಕಡೆ ಹೋಗುವುದಾದರೆ ಅಲ್ಲಿನ ಬ್ಲೂ ಫ್ಲ್ಯಾಗ್ (ಸ್ವಚ್ಛತೆ, ಸುರಕ್ಷತೆಗೆ ಮಾನ್ಯತೆ ಪಡೆದ) ಬೀಚಿಗೆ ನಾಯಿ ಒಯ್ಯಬೇಡಿ, ಅಲ್ಲಿ ನಾಯಿಗಳ ಮೇಲೆ ನಿಯಂತ್ರಣ ಇದೆ.

ತಂಗುವಲ್ಲಿಗೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆಯಿರಿ: ಹೊಟ್ಟೆ, ತೊಡೆಸಂದು, ಬೆರಳ ಸಂದು. ಕಿವಿ ಒಳಗೆ ನೀರು ಹೊಯ್ಯದೆ ಒಣಬಟ್ಟೆಯಲ್ಲಿ ಒರೆಸಿ. ಲ್ಯಾಬ್‌ನ ಜೋತುಬಿದ್ದ ಕಿವಿ ಒದ್ದೆ ಇದ್ದರೆ ಸೋಂಕು ತಗಲಬಹುದು.