ನಲವತ್ತೆರಡನೆಯ ದಿನದ ಹೋಳಿಗೆ

ಕುಕ್ಕರಹಳ್ಳಿ ಕೆರೆ ಏರಿಯ ಮೇಲಿನ ನಮ್ಮ ಬೆಂಚಿಗೆ ಬ್ಯಾಂಕ್ ರಾಯರು ಮೂರು ವಾರಗಳ ಬಳಿಕ ಬಂದರು. ನಡೆಯಲು ಅಲ್ಲ, ನಾವು ಇನ್ನೂ ನಡೆಯುತ್ತಿದ್ದೇವೆಯೇ ಎಂದು ನೋಡಲು. ಕಾಲಿನಲ್ಲಿ ಹವಾಯಿ ಚಪ್ಪಲಿ.

"ಶೂ ಎಲ್ಲಿ ರಾಯರೇ?" ಎಂದೆ.

"ಅದರೊಳಗೆ ಹಲ್ಲಿ ಮೊಟ್ಟೆ ಇಟ್ಟಿದೆ. ಈಗ ಅದರದೇ ಮನೆ."

ಕಥೆ ಇಷ್ಟು. ರಾಯರು ನಲವತ್ತೊಂದು ದಿನ 10,000 ಹೆಜ್ಜೆ ತಪ್ಪಿಸಿರಲಿಲ್ಲ. ನಲವತ್ತೆರಡನೆಯ ದಿನ ತುಮಕೂರಿನಲ್ಲಿ ಷಡ್ಡಕನ ಮಗಳ ಮದುವೆ. ಆರನೆಯ ಹೋಳಿಗೆ ಮುಗಿಸಿ ಎಲೆಯಿಂದ ಎದ್ದಾಗ ಕೈಗಡಿಯಾರ 2,300 ತೋರಿಸುತ್ತಿತ್ತು. ಮರುದಿನ ತಪ್ಪದೆ ನಡೆದ ದಿನಗಳ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಇಷ್ಟಾದ ಮೇಲೆ ಇನ್ನೇನು ಎಂದು ರಾಯರು ನಡಿಗೆಗೇ ಎಳ್ಳುನೀರು ಬಿಟ್ಟರು.

ಆ ನಲವತ್ತೊಂದು ದಿನಗಳ ವೈಭವ ನನಗೆ ಗೊತ್ತು. ರಾತ್ರಿ ಹನ್ನೊಂದೂವರೆಗೆ ಹೆಜ್ಜೆ ಕಡಿಮೆ ಬಿದ್ದರೆ ಕತ್ತಲಲ್ಲಿ ಅಡುಗೆಮನೆಯಿಂದ ದೇವರಮನೆಗೆ ಓಡಾಡುತ್ತಿದ್ದರು. ಒಮ್ಮೆ ಅವರ ಮನೆಯವರು ಕಳ್ಳ ಹೊಕ್ಕಿದ್ದಾನೆಂದು ಲಟ್ಟಣಿಗೆ ಹಿಡಿದು ಎದ್ದುಬಂದಿದ್ದರು.

"ಆ ಹತ್ತು ಸಾವಿರ ಯಾವ ವೈದ್ಯರು ಬರೆದ ಚೀಟಿ ಗೊತ್ತೇ?" ಎಂದರು ಮೇಷ್ಟರು. "1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಿತು. ಹೆಸರು ಮಾನ್ಪೊ-ಕೇ. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದರ್ಥ. ನೀವು ನಲವತ್ತೊಂದು ದಿನ ಒಂದು ಜಾಹೀರಾತಿಗೆ ಪ್ರದಕ್ಷಿಣೆ ಹಾಕಿದ್ದೀರಿ."

ರಾಯರ ಮುಖ ಊಟದ ಹೊತ್ತಿನ ಕ್ಯಾಷ್ ಕೌಂಟರಿನಂತೆ ಮುಚ್ಚಿಕೊಂಡಿತು.

"ಮತ್ತೆಷ್ಟು ನಡೆಯಬೇಕು?"

"ವಿಶ್ವ ಆರೋಗ್ಯ ಸಂಸ್ಥೆಯದು ವಾರದ ಲೆಕ್ಕ. ಸ್ವಲ್ಪ ಬಿರುಸಿನ ನಡಿಗೆಯಾದರೆ ವಾರಕ್ಕೆ ಕನಿಷ್ಠ 150 ನಿಮಿಷ. ಒಮ್ಮೆಗೆ ಹತ್ತು ನಿಮಿಷವಾದರೂ ಬಿಡದೆ ನಡೆದಿರಬೇಕೆಂಬ ಹಳೆಯ ಷರತ್ತನ್ನೂ 2020ರಲ್ಲಿ ಕೈಬಿಟ್ಟರು."

"ಅಂದರೆ ಅಡುಗೆಮನೆಯಿಂದ ದೇವರಮನೆಗೆ..."

"ಅದೂ ಲೆಕ್ಕಕ್ಕೆ ಬರುತ್ತದೆ. ಲಟ್ಟಣಿಗೆ ಕಂಡು ಓಡಿದ್ದಂತೂ ಬಿರುಸಿನ ಖಾತೆಗೇ ಜಮೆ."

ಕೆರೆಯಲ್ಲಿ ಹೆಜ್ಜಾರ್ಲೆಯೊಂದು ಒಂದು ಹೆಜ್ಜೆಯನ್ನೂ ಇಡದೆ ತೇಲಿಹೋಯಿತು. ರಾಯರು ಅದನ್ನು ಅಸೂಯೆಯಿಂದ ನೋಡಿದರು.

ನಾನು ಏಳು ವರ್ಷಗಳಿಂದ ವಾರಕ್ಕೆ ನಾಲ್ಕು ದಿನ ಬರುವ ಸೋಮಾರಿ. ಮಳೆ ಬಂದರೆ ಇಲ್ಲ, ನೆಂಟರು ಬಂದರೆ ಇಲ್ಲ, ಬೆಳಿಗ್ಗೆ ಹಾಸಿಗೆ ಬಿಡದಿದ್ದರೂ ಇಲ್ಲ. ಮೂರನೆಯ ಜೊತೆ ಶೂ ಸವೆಸುತ್ತಿದ್ದೇನೆ. ಹಲ್ಲಿಗೆ ಬಾಡಿಗೆ ಕೊಡುವಷ್ಟು ಬಿಡುವು ಅವಕ್ಕೆ ಸಿಕ್ಕಿಲ್ಲ.

"ರಾಯರೇ, ಒಂದು ಕಂತು ತಪ್ಪಿತು, ಇನ್ನು ಸಾಲವನ್ನೇ ಕಟ್ಟುವುದಿಲ್ಲ ಎಂದು ಬಂದವನನ್ನು ನಿಮ್ಮ ಬ್ಯಾಂಕಿನಲ್ಲಿ ಏನು ಮಾಡುತ್ತಿದ್ದಿರಿ?"

"ಕೂರಿಸಿ, ನೀರು ಕೊಟ್ಟು, ಮುಂದಿನ ಕಂತು ಕಟ್ಟಿಸಿಕೊಳ್ಳುತ್ತಿದ್ದೆ," ಎಂದವರು ಅಲ್ಲಿಗೇ ಬಾಯಿ ಮುಚ್ಚಿದರು.

ಮೇಷ್ಟರು ಬಿಡಲಿಲ್ಲ. ಲಂಡನ್ನಿನ ಸಂಶೋಧಕರು 96 ಜನರನ್ನು ಹಿಡಿದು ಅಭ್ಯಾಸ ಮೈಗೂಡುವ ಬಗೆಯನ್ನು ನೋಡಿದರಂತೆ. ಸರಾಸರಿ 66 ದಿನ. ನಡುವೆ ಒಂದು ದಿನ ತಪ್ಪಿದವರಿಗೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲವಂತೆ.

ರಾಯರು ಬೆರಳು ಮಡಿಸಿದರು. "ಅರವತ್ತಾರರಲ್ಲಿ ನಲವತ್ತೊಂದು ಕಳೆದರೆ... ಬಾಕಿ ಇಪ್ಪತ್ತೈದೇ ಇತ್ತು! ಅದರಲ್ಲಿ ಇಪ್ಪತ್ತೊಂದು ದಿನ ಮನೆಯಲ್ಲಿ ಕುಳಿತು ಕಳೆದೆನಲ್ಲ ಮಾರಾಯರೇ."

ಚಪ್ಪಲಿಯಲ್ಲೇ ಎದ್ದು ನಮ್ಮೊಂದಿಗೆ ಅರ್ಧ ಸುತ್ತು ಬಂದರು. ಅವರ ಬೋಳು ಮಣಿಕಟ್ಟು ಆಗಲೇ ನನ್ನ ಕಣ್ಣಿಗೆ ಬಿದ್ದದ್ದು.

"ಗಡಿಯಾರ ಎಲ್ಲಿ?"

"ಮೊಮ್ಮಗನ ಕೈಯಲ್ಲಿ. ನಿನ್ನೆ ನನ್ನ ಹೆಸರಿನಲ್ಲಿ 14,000 ಹೆಜ್ಜೆ ಓಡಿದ್ದಾನೆ. ಅಮೆರಿಕದಲ್ಲಿರುವ ಮಗ ರಾತ್ರಿ ಫೋನ್ ಮಾಡಿ, ಅಪ್ಪಾ, ವಯಸ್ಸಾಯಿತು, ಸ್ವಲ್ಪ ನಿಧಾನ ಎಂದ."