ಮೀನೂಟದ ಮೇಲೆ ಗಡ್‌ಬಡ್: ಹಳೆ ಕ್ಲಾಸಿನ ಗುಂಪಿನಲ್ಲಿ ಒಂದು ಫಾರ್ವರ್ಡ್

ಸದಾಶಿವ (ಉಪ್ಪಳ): *ಫಾರ್ವರ್ಡ್ ಆಗಿ ಬಂದದ್ದು* ಮಂಗಳೂರಿಗೆ ಹೋಗುವವರೇ ಎಚ್ಚರ!! ಜೂನ್, ಜುಲೈಯಲ್ಲಿ ಬೋಟ್ ಕಡಲಿಗೆ ಇಳಿಯುವುದಿಲ್ಲ. ಹಾಗಾದರೆ ಹೋಟೆಲಿನ ಅಂಜಲ್ ಮೀನು ಎಲ್ಲಿಂದ ಬಂತು? ಎಲ್ಲವೂ ಫಾರ್ಮಾಲಿನ್, ಹೆಣ ಕೆಡದ ಹಾಗೆ ಇಡುವ ಕೆಮಿಕಲ್!! ಮೀನು ತಿಂದ ಮೇಲೆ ಐಸ್‌ಕ್ರೀಂ ತಿಂದರೆ ತೊನ್ನು ಗ್ಯಾರಂಟಿ. ಈ 10 ಹೋಟೆಲ್ ಮಾತ್ರ ನಂಬಿ: (ಹೆಸರುಗಳ ಪಟ್ಟಿ). ನಿಮ್ಮವರಿಗೆಲ್ಲ ಕಳಿಸಿ 🙏🙏

ಸದಾಶಿವ: ಬರುವ ಆದಿತ್ಯವಾರ ನಾವು ಹೋಗುದಲ್ವಾ. ಎಲ್ಲರೂ ಒಮ್ಮೆ ಓದಿ.

ಸುರೇಶ (ಮುಂಬೈ): 👍👍 ಒಳ್ಳೆ ಮಾಹಿತಿ

ವಿದ್ಯಾ (ಕಾಸರಗೋಡು): ಅಯ್ಯೋ ದೇವರೇ. ನಾನು ಆಗಲೇ ಎರಡು ಗುಂಪಿಗೆ ಕಳಿಸಿದೆ.

ಪ್ರಮೀಳಾ (ಕುಂಬಳೆ): ಓದಿ ಕಳಿಸಿದ್ದಾ? ಪಟ್ಟಿಯಲ್ಲಿ ಇರುವುದು ಒಂಬತ್ತೇ ಹೆಸರು. ಅದರಲ್ಲಿ ಒಂದು ಕುಂದಾಪುರದ ಶೆಟ್ಟಿ ಲಂಚ್ ಹೋಂ, ಇನ್ನೊಂದು ಉಡುಪಿಯ ಡಯಾನಾ. ಕುಂದಾಪುರ ಮಂಗಳೂರಿಂದ 90 ಕಿಲೋಮೀಟರ್ ಆಚೆ ಉಂಟು ಸದಾಶಿವ. ಇದನ್ನು ಬರೆದದ್ದು ಯಾರು? ಎಲ್ಲಿ ಬಂದದ್ದು?

ಸದಾಶಿವ: ನಂಗೆ ಬಂದದ್ದನ್ನು ನಾನು ಹಾಕಿದೆ ಮಾರಾಯ್ತಿ. ನೀನು ಎಲ್ಲದಕ್ಕೂ ಆಧಾರ ಕೇಳ್ತಿ.

ಪ್ರಮೀಳಾ: ನೋಟಿನಲ್ಲಿ ಚಿಪ್ ಉಂಟು ಅಂತ ಹಾಕಿದ್ದೂ ನೀನೇ.

ಸದಾಶಿವ: ಅದು ಆಗಿ ವರ್ಷ ಎಷ್ಟಾಯ್ತು! ಇನ್ನೂ ಅದನ್ನೇ ಹಿಡ್ಕೊಂಡು ಕೂತಿದ್ದೀಯಲ್ಲ.

ಈಶ್ವರ ಮಾಷ್ಟ್ರು: ಮಕ್ಕಳೇ, ಜಗಳ ಬೇಡ. ಮೀನು ಮತ್ತು ಹಾಲು ವಿರುದ್ಧಾಹಾರ ಎಂದು ಆಯುರ್ವೇದದಲ್ಲಿಯೇ ಉಂಟು. ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಮನೆಯಲ್ಲಿ ಉಣ್ಣುವುದನ್ನು ಬಿಟ್ಟು ಹೋಟೆಲು ಹೋಟೆಲು ಸುತ್ತುವ ಚಟವೇ ಎಲ್ಲದಕ್ಕೂ ಮೂಲ.

ಪ್ರಮೀಳಾ: ಸರ್, ಆಯುರ್ವೇದದಲ್ಲಿ ಉಂಟು, ಒಪ್ಪಿದೆ. ಆದರೆ ತೊನ್ನು ಬರುವುದು ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನೇ ಹಾಳು ಮಾಡುವುದರಿಂದ. ಅದು ಅಂಟುರೋಗವೂ ಅಲ್ಲ, ಊಟದಿಂದ ಬರುವುದೂ ಅಲ್ಲ. ಇಂಥ ಮೆಸೇಜಿನಿಂದಾಗಿ ತೊನ್ನು ಇದ್ದವರ ಪಕ್ಕ ಕೂತು ಉಣ್ಣಲಿಕ್ಕೆ ಜನ ಹಿಂದೆಮುಂದೆ ನೋಡ್ತಾರೆ. ನಂಗೆ ಸಿಟ್ಟು ಬರುವುದು ಅದಕ್ಕೆ.

ಸದಾಶಿವ: ನಮ್ಮ ಪಕ್ಕದ ಮನೆಯವನು ಬಂಗುಡೆ ಊಟ ಮಾಡಿ ಐಸ್‌ಕ್ರೀಂ ತಿಂದ. ಅರ್ಧ ಗಂಟೆಯಲ್ಲಿ ಮುಖ, ಕುತ್ತಿಗೆ ಎಲ್ಲ ಕೆಂಪು. ಮೈಯೆಲ್ಲ ತುರಿಕೆ. ಅದು ಸುಳ್ಳಾ?

ಪ್ರಮೀಳಾ: ಸುಳ್ಳಲ್ಲ. ಆದರೆ ತಪ್ಪು ಐಸ್‌ಕ್ರೀಮಿನದ್ದಲ್ಲ, ಬಂಗುಡೆಯದ್ದು. ಬಂಗುಡೆ, ಕೇದಾರ್ (ಟ್ಯೂನಾ) ಜಾತಿಯ ಮೀನನ್ನು ಹಿಡಿದ ಮೇಲೆ ಐಸ್ ಇಲ್ಲದೆ ಇಟ್ಟರೆ ಅದರ ಮಾಂಸದಲ್ಲಿ ಹಿಸ್ಟಮೀನ್ ಅನ್ನುವ ವಿಷವಸ್ತು ಆಗ್ತದೆ. ಒಮ್ಮೆ ಆದರೆ ಮತ್ತೆ ಹೋಗುವುದಿಲ್ಲ. ಬೇಯಿಸಿದರೂ ಇಲ್ಲ, ಕರಿದರೂ ಇಲ್ಲ, ಫ್ರೀಜರಲ್ಲಿ ಇಟ್ಟರೂ ಇಲ್ಲ. ತಿಂದ ಹತ್ತು ನಿಮಿಷದಿಂದ ಒಂದೆರಡು ಗಂಟೆಯ ಒಳಗೆ ಮುಖ ಕೆಂಪಾಗುದು, ತುರಿಕೆ, ತಲೆನೋವು, ಎದೆ ಡಬಡಬ. ಕೆಲವು ಸಲ ತಿನ್ನುವಾಗಲೇ ನಾಲಿಗೆಗೆ ಮೆಣಸು ಕಚ್ಚಿದ ಹಾಗೆ ಚುರುಕ್ ಅನ್ನುತ್ತದೆ. ಹಾಗೆ ಆದರೆ ಅಲ್ಲಿಗೇ ಬಿಟ್ಟುಬಿಡಬೇಕು, ದುಡ್ಡು ಕೊಟ್ಟಿದ್ದೇನೆ ಅಂತ ಮುಗಿಸುವುದಲ್ಲ. ಉಸಿರು ಕಟ್ಟಿದ ಹಾಗಾದರೆ ಸೀದಾ ಆಸ್ಪತ್ರೆ.

ಜಯಂತಿ (ಮಂಜೇಶ್ವರ): ಇದು ಗೊತ್ತಿರಲಿಲ್ಲ. ಎಲ್ಲರೂ ಮೀನು "ಆಗಿಬರುವುದಿಲ್ಲ" ಅಂತ ಹೇಳುದು ಇದಕ್ಕೇ ಇರಬೇಕು.

ಸುರೇಶ: ನಮ್ಮ ಶಾಲೆಯ ಹಿಂದಿನ ಗೂಡಂಗಡಿಯ ಬಂಗುಡೆ ಸಾರು ನೆನಪುಂಟಾ ಯಾರಿಗಾದರೂ? ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಕಿಟಕಿಯಿಂದ ಪರಿಮಳ ಬರ್ತಿತ್ತು. ಈಗ ಆ ರುಚಿ ಎಲ್ಲಿ ಉಂಟು ಹೇಳಿ.

ಕೃಷ್ಣ ಭಟ್ (ಪೆರ್ಲ): ಆ ಪರಿಮಳಕ್ಕೆ ನಾನು ಕಿಟಕಿ ಹಾಕ್ತಿದ್ದೆ, ನೀನು ತೆಗೀತಿದ್ದೆ. ನೆನಪುಂಟು.

ರಝಾಕ್ (ಮಂಜೇಶ್ವರ): ಈಗ ನೋಡಿದೆ. ಮೀನಿನ ವಿಷಯ ನಾನು ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ.

ರಝಾಕ್: ಕರ್ನಾಟಕದಲ್ಲಿ ಯಾಂತ್ರಿಕ ಬೋಟಿಗೆ ರಜೆ ಜೂನ್ 1ರಿಂದ ಜುಲೈ 31ರ ತನಕ, 61 ದಿನ. ಕೇರಳದಲ್ಲಿ ಟ್ರಾಲಿಂಗ್, ಅಂದರೆ ಬೋಟಲ್ಲಿ ಬಲೆ ಎಳೆದು ಹಿಡಿಯುವುದರ ನಿಷೇಧ ಜೂನ್ 9ರ ರಾತ್ರಿಯಿಂದ ಜುಲೈ 31, 52 ದಿನ. ತಮಿಳುನಾಡು, ಆಂಧ್ರದ ಕಡೆ ಅದು ಏಪ್ರಿಲ್ 15ರಿಂದ ಜೂನ್ 14. ಅಂದರೆ ನಮ್ಮ ಕಡಲು ಮುಚ್ಚಿ ಎರಡು ವಾರದಲ್ಲಿ ಅಲ್ಲಿಯ ಕಡಲು ತೆರೆಯಿತು. ಜುಲೈಯಲ್ಲಿ ಹೋಟೆಲಲ್ಲಿ ಸಿಗುವ ದೊಡ್ಡ ಅಂಜಲ್, ಮಾಂಜಿ (ಪಾಂಫ್ರೆಟ್) ಬರುವುದು ಆ ಕಡೆಯಿಂದ ಐಸ್ ಲಾರಿಯಲ್ಲಿ, ಇಲ್ಲದಿದ್ದರೆ ಕೋಲ್ಡ್ ಸ್ಟೋರೇಜಿಂದ. "ಎಲ್ಲಿಂದ ಬಂತು" ಅನ್ನುವ ಪ್ರಶ್ನೆಗೆ ಉತ್ತರ ಇಷ್ಟೇ.

ರಝಾಕ್: ಫಾರ್ಮಾಲಿನ್ ಸುಳ್ಳು ಅಂತ ಹೇಳುವುದಿಲ್ಲ. 2018ರ ಜೂನಲ್ಲಿ ಕೇರಳದ ಆಹಾರ ಸುರಕ್ಷಾ ಇಲಾಖೆ ಆಪರೇಷನ್ ಸಾಗರ್ ರಾಣಿ ಅಂತ ಗಡಿ ಚೆಕ್‌ಪೋಸ್ಟುಗಳಲ್ಲಿ ಲಾರಿ ತಡೆದು ಟನ್ನುಗಟ್ಟಲೆ ಮೀನು ಹಿಡಿದದ್ದು ನಿಜ. ಕೊಚ್ಚಿಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಮಾಡಿದ ಕಿಟ್ ಕೂಡ ಉಂಟು. ಕಾಗದದ ಪಟ್ಟಿಯನ್ನು ಮೀನಿನ ಮೇಲೆ ಉಜ್ಜಿ ಒಂದು ಹನಿ ದ್ರಾವಣ ಹಾಕಿದರೆ ಬಣ್ಣದಲ್ಲಿ ಗೊತ್ತಾಗ್ತದೆ. ಆದರೆ "ಎಲ್ಲವೂ" ಅಂತ ಬರೆದದ್ದು ತಪ್ಪು. ದೂರದಿಂದ ಬಂದ ಮೀನು ಹಾಳಾಗುವುದು ಹೆಚ್ಚಾಗಿ ಐಸ್ ಉಳಿಸಲಿಕ್ಕೆ ಹೋಗಿ. ನಮ್ಮ ಸೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಬೇಕು. ಅದರಲ್ಲಿ ಅರ್ಧ ಹಾಕಿ ಲಾರಿ ಬಿಟ್ಟರೆ ಕೆಳಗಿನ ಬಾಕ್ಸಿನ ಮೀನು ಮಂಗಳೂರು ಧಕ್ಕೆಗೆ (ಮೀನಿನ ಬಂದರಿಗೆ) ಬರುವಾಗ ಮೆತ್ತಗೆ.

ಸದಾಶಿವ: ಅಂದರೆ ಫಾರ್ವರ್ಡ್ ಅರ್ಧ ಸತ್ಯ ಅಂತ ಆಯ್ತು.

ಪ್ರಮೀಳಾ: ಅರ್ಧ ಸತ್ಯ ಕಳಿಸಿದರೆ ಪೂರ್ತಿ ಹೆದರುವವರು ನಮ್ಮ ಅಮ್ಮಂದಿರು.

ವಿದ್ಯಾ: ರಝಾಕ್, ಹೋಟೆಲಲ್ಲಿ ಕೂತು ತಾಜಾ ಮೀನು ಗುರುತಿಸುವುದು ಹೇಗೆ? ಟ್ರೇಯಲ್ಲಿ ತಂದು ತೋರಿಸ್ತಾರಲ್ಲ.

ರಝಾಕ್: ಟ್ರೇಯಲ್ಲಿ ಬರುವುದು ಮಸಾಲೆ ಹಚ್ಚಿದ್ದು. ಅದರಲ್ಲಿ ಕಣ್ಣೂ ಕಾಣುವುದಿಲ್ಲ, ಕಿವಿರೂ ಕಾಣುವುದಿಲ್ಲ. ಮಸಾಲೆ ಹಚ್ಚದ ಇಡೀ ಮೀನು ತೋರಿಸಿ ಅಂತ ಕೇಳಬೇಕು, ಒಳ್ಳೆಯ ಜಾಗದಲ್ಲಿ ಬೇಜಾರು ಮಾಡುವುದಿಲ್ಲ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಗುಳಿ ಬಿದ್ದಿರಬಾರದು. ಕಿವಿರು ಕೆಂಪು, ಕಂದು ಅಲ್ಲ. ಬೆರಳಲ್ಲಿ ಒತ್ತಿದ ಗುಂಡಿ ಕೂಡಲೇ ತುಂಬಬೇಕು. ಅಮೋನಿಯಾ ವಾಸನೆ ಬಂದರೆ ಬೇಡ. ಯಾವ ವಾಸನೆಯೂ ಇಲ್ಲದೆ ರಬ್ಬರಿನ ಹಾಗೆ ಬಿಗಿಯಾಗಿದ್ದರೂ ಬೇಡ.

ಜಯಂತಿ: ಕೇಳಲಿಕ್ಕೆ ನಾಚಿಕೆ ಆದರೆ ಆರ್ಡರಲ್ಲಿ ಜಾಗ್ರತೆ ಮಾಡಿ. ರವಾ ಫ್ರೈ ಬೇಡ, ಕಾವಲಿಯಲ್ಲಿ ಮಸಾಲೆ ಫ್ರೈ ಹೇಳಿ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿದರೆ ಹಳೆ ಮೀನೂ ಗರಿಗರಿ. ಕಾಣೆ ಮೀನಿಗೆ ರವೆ ಸರಿ, ಅದರ ಮಾಂಸ ಮೃದು, ಮುರಿದುಹೋಗ್ತದೆ. ಅಂಜಲಿಗೆ ರವೆ ಬೇಕಾಗಿಯೇ ಇಲ್ಲ.

ಜಯಂತಿ: ಕಾವಲಿ ಫ್ರೈ ಸರಿಯಾಗಿದೆಯಾ ಅಂತ ತಟ್ಟೆಯಲ್ಲೇ ಗೊತ್ತಾಗ್ತದೆ. ಒಂದು ಕಿಲೋ ಅಂಜಲಿಗೆ ಸುಮಾರು 20 ಬ್ಯಾಡಗಿ ಮೆಣಸು, ನಿಂಬೆ ಗಾತ್ರದ ಹುಣಸೆ ಹುಳಿ, ಬೆಳ್ಳುಳ್ಳಿ, ಅರಿಶಿನ, ಉಪ್ಪು. ನೀರು ಹಾಕದೆ ದಪ್ಪಕ್ಕೆ ಅರೆದು, ಹಚ್ಚಿ ಅರ್ಧ ಗಂಟೆ ಇಡಬೇಕು. ಆಮೇಲೆ ತೆಂಗಿನೆಣ್ಣೆ, ಹದ ಉರಿ, ಬೆರಳು ದಪ್ಪದ ತುಂಡಿಗೆ ಒಂದು ಬದಿ ನಾಲ್ಕೈದು ನಿಮಿಷ. ಗಡಿಬಿಡಿಯಲ್ಲಿ ಮೊದಲೇ ಮಗುಚಿದರೆ ಮಸಾಲೆ ಕಾವಲಿಗೆ ಹಿಡಿದು ಮೀನು ಬೋಳಾಗ್ತದೆ. ಮಸಾಲೆ ನೀರಾದರೂ ಹಾಗೇ. ಆದಿತ್ಯವಾರ ಒಂದೂಕಾಲು ಗಂಟೆಯ ಮೇಲೆ ಬರುವ ಬೋಳು ತುಂಡು ಇದೇ. ಮಂಗಳೂರಿನ ಹೆಸರಾದ ಯಾವ ಮೀನೂಟದ ಹೋಟೆಲಲ್ಲಿ ಆಗಲಿ, 12.15ಕ್ಕೆ ಒಳಗೆ ಕೂತಿರಬೇಕು. ಎರಡೂವರೆ ಕಳೆದರೆ ಒಳ್ಳೆಯ ಮೀನು ಮುಗಿದು ಉಳಿದದ್ದು ಮಾತ್ರ ಸಿಗುದು.

ಕೃಷ್ಣ ಭಟ್: ಹೋದ ಸಲವೂ 12.15 ಅಂತ ಹೇಳಿ ಒಂದೂವರೆಗೆ ಒಳಗೆ ಹೋದದ್ದು. ಬಿಲ್ ಮಾತ್ರ ಸಮ ಭಾಗ. ನಾನು ತಿಂದದ್ದು ನೀರುದೋಸೆ ಮತ್ತು ಕಾಯಿಬೆಲ್ಲ. ಅದಕ್ಕೆ ಏಡಿ ಸುಕ್ಕದ ಪಾಲು ಕೊಟ್ಟಿದ್ದೇನೆ.

ಸದಾಶಿವ: ಭಟ್ರೇ, ಆವತ್ತೇ ಹೇಳಿದ್ದರೆ ಆಗ್ತಿತ್ತು.

ಕೃಷ್ಣ ಭಟ್: ಆವತ್ತೇ ಹೇಳಿದ್ದೇನೆ. ಗುಂಪಿನಲ್ಲಿ ಮೇಲೆ ಹೋಗಿ ನೋಡು. ಉತ್ತರಕ್ಕೆ ನೀನು ಹಾಕಿದ್ದು ಒಂದು ನಗುವ ಮುಖ.

ಈಶ್ವರ ಮಾಷ್ಟ್ರು: ಒಟ್ಟಿಗೆ ಕೂತು ಉಂಡ ಮೇಲೆ ಲೆಕ್ಕ ಕೇಳಬಾರದು. ಲೆಕ್ಕ ಮೊದಲೇ ಮಾಡಿಕೊಳ್ಳಬೇಕು.

ಜಯಂತಿ: ಸರ್ ಹೇಳಿದ್ದು ಸರಿ. ಈ ಸಲ ಸಸ್ಯಾಹಾರದವರು ಬೇರೆ ಬಿಲ್. ಮತ್ತೆ ಭಟ್ರೇ, ನಿಮಗೆ ಈ ತಿಂಗಳು ಮೀನಿನವರಿಗಿಂತ ಒಳ್ಳೆಯ ಊಟ ಉಂಟು. ತುಳುವರ ಆಟಿ ತಿಂಗಳು (ಆಷಾಢ) ಅಲ್ವಾ. ಪತ್ರೊಡೆ, ಕಣಿಲೆ (ಎಳೆ ಬಿದಿರು) ಗಸಿ, ತಜಂಕ್ ಸೊಪ್ಪಿನ ವಡೆ. ಪತ್ರೊಡೆ ಎಲ್ಲಿ ತಿಂದರೂ ಮೊದಲು ಸಣ್ಣ ತುಂಡು ಬಾಯಿಗೆ ಹಾಕಿ ನೋಡಿ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಹರಳು ಇರ್ತದೆ. ಹುಳಿ ಕಮ್ಮಿ ಆಗಿ, ಹಬೆಯಲ್ಲಿ ಸಾಕಷ್ಟು ಬೇಯದಿದ್ದರೆ ಗಂಟಲು ತುರಿಸ್ತದೆ.

ಕೃಷ್ಣ ಭಟ್: ಬನ್ಸ್, ಗೋಳಿಬಜೆ?

ಜಯಂತಿ: ಬನ್ಸ್ ಬೆಳಿಗ್ಗೆ, ಹತ್ತು ಗಂಟೆಯ ಒಳಗೆ. ರಾತ್ರಿ ಕಲಸಿಟ್ಟ ಹಿಟ್ಟಿನಲ್ಲಿ ಬೆಳಿಗ್ಗೆ ಕರಿದದ್ದೇ ಬನ್ಸ್. ಮುರಿದರೆ ಒಳಗೆ ಬಲೆಬಲೆಯಾಗಿ ಕಾಣಬೇಕು. ಬಾಳೆಹಣ್ಣು ಹೆಚ್ಚಾದರೆ ಹಿಟ್ಟು ಅಂಟಿ ಎಣ್ಣೆ ಕುಡೀತದೆ, ಎಣ್ಣೆ ಅತಿ ಕಾದರೆ ಹೊರಗೆ ಕಪ್ಪು ಒಳಗೆ ಹಸಿ. ಸಂಜೆ ನಾಲ್ಕಕ್ಕೆ ಬನ್ಸ್ ಕೇಳಿದರೆ ಬೆಳಿಗ್ಗೆಯದ್ದನ್ನೇ ಬಿಸಿ ಮಾಡಿ ಕೊಡ್ತಾರೆ. ಆ ಹೊತ್ತಿಗೆ ಗೋಳಿಬಜೆ. ಬಾಣಲೆ ಒಲೆಯ ಮೇಲೆ ಇರುವ ಜಾಗದಲ್ಲಿ ನಿಂತು ತಿನ್ನಬೇಕು, ಕಾಲು ಗಂಟೆ ಕಳೆದರೆ ಅದು ಚೀಪುವ ಹಾಗೆ ಆಗ್ತದೆ.

ಸುರೇಶ: ಮುಂಬೈಯಲ್ಲಿ ಗೋಳಿಬಜೆಗೆ ಮಂಗಳೂರು ಬಜ್ಜಿ ಅಂತ ಹೆಸರು. ಶುಂಠಿಯೂ ಇಲ್ಲ, ಕಾಯಿಚೂರೂ ಇಲ್ಲ 😔 ಗಡ್‌ಬಡ್ ಐಸ್‌ಕ್ರೀಂ ತಿನ್ನದೆ ನಾನು ರೈಲು ಹತ್ತುವುದಿಲ್ಲ, ಹೇಳಿದ್ದೇನೆ. ಮಂಗಳೂರಿನ ಐಡಿಯಲ್ ಪಾರ್ಲರಿನದ್ದೇ. ಅದು ಹುಟ್ಟಿದ್ದೇ ಅಲ್ಲಿ.

ವಿದ್ಯಾ: ಹುಟ್ಟಿದ್ದು ಉಡುಪಿಯ ಡಯಾನಾದಲ್ಲಿ.

ಸುರೇಶ: ಯಾರು ಹೇಳಿದ್ದು?

ಪ್ರಮೀಳಾ: ಇದಕ್ಕೆ ಆಧಾರ ಕೇಳಲಿಕ್ಕೆ ಈಗ ಎಲ್ಲರಿಗೂ ಬರ್ತದೆ. ಐಡಿಯಲ್ ಶುರುವಾದದ್ದು 1975ರಲ್ಲಿ, ಅಷ್ಟು ಖಂಡಿತ. ಮೊದಲು ಮಾಡಿದ್ದು ಯಾರು ಅಂತ ಎರಡೂ ಊರಿನವರು ಹೇಳಿಕೊಳ್ತಾರೆ. ತಿನ್ನುವ ಕ್ರಮ ಹೇಳ್ತೇನೆ. ಉದ್ದ ಗ್ಲಾಸಿನ ಅಡಿಯಲ್ಲಿ ಜೆಲ್ಲಿ, ಹಣ್ಣು, ಗೋಡಂಬಿ ಇರ್ತದೆ. ಚಮಚ ಅಡಿಯ ತನಕ ಇಳಿಸಿ ಎಲ್ಲ ಪದರ ಒಟ್ಟಿಗೆ ತೆಗೀರಿ. ಮೇಲಿಂದ ಒಂದೊಂದೇ ತಿನ್ನುತ್ತಾ ಹೋದರೆ ಅಡಿಯಲ್ಲಿ ಕರಗಿದ ಹಾಲಿನಲ್ಲಿ ಹಣ್ಣು ಮಾತ್ರ ಉಳೀತದೆ.

ಸುರೇಶ: ಒಂದು ಬಿಯರಿಗೆ ಜಾಗ ಉಂಟಾ ಇದರ ನಡುವೆ?

ಈಶ್ವರ ಮಾಷ್ಟ್ರು: ಸುರೇಶಾ, ನಾನು ಈ ಗುಂಪಿನಲ್ಲಿ ಇದ್ದೇನೆ.

ಸುರೇಶ: ಕ್ಷಮಿಸಿ ಸರ್ 🙏

ಸದಾಶಿವ: ಸರ್, ಗಡಿಯವರು ತಿಳಿದಿರಬೇಕಾದ ವಿಷಯ, ಅದಕ್ಕೇ ಹೇಳ್ತೇನೆ. ಕುಡಿಯುವವರು ಅಲ್ಲೇ ಕುಡಿದು ಬರಬೇಕು, ಬಾಟ್ಲಿ ತರಬಾರದು. ಕರ್ನಾಟಕದ ಮದ್ಯ ತಲಪಾಡಿ ದಾಟಿದರೆ ಕೇರಳದಲ್ಲಿ ಅಬಕಾರಿ ಕೇಸು, ಮಂಜೇಶ್ವರ ಚೆಕ್‌ಪೋಸ್ಟಲ್ಲಿ ಬಸ್ಸಿನ ಬ್ಯಾಗೂ ನೋಡ್ತಾರೆ. ಕೇರಳದಲ್ಲಿ ತಿಂಗಳ 1ನೇ ತಾರೀಕು ಬಾರ್ ಮುಚ್ಚಿರುವ ಕಾರಣ ಆವತ್ತು ಇನ್ನೂ ಜೋರು. ಕಳ್ಳು ಬೇಕಾದರೆ ನಮ್ಮ ಕಡೆಯ ಶಾಪಿನಲ್ಲೇ ಬೆಳಗ್ಗಿನ ಹೊತ್ತು. ಇಳಿಸಿದ ಕೂಡಲೇ ಹುಳಿ ಬರಲಿಕ್ಕೆ ಶುರು, ಸಂಜೆಗೆ ಅಮಲೂ ಹೆಚ್ಚು, ಹುಳಿಯೂ ಹೆಚ್ಚು. ಸೀಸೆಗೆ ಬಿಗಿ ಮುಚ್ಚಳ ಹಾಕಿ ಪ್ರಯಾಣ ಮಾಡಿದರೆ ಗ್ಯಾಸ್ ತುಂಬಿ ಒಡೀತದೆ.

ಪ್ರಮೀಳಾ: ಇದು ನಿನ್ನ ಸ್ವಂತ ಮಾತು, ಸರಿಯಾಗಿ ಉಂಟು. ಹೀಗೆ ಬರೆಯಲಿಕ್ಕೆ ಬರುವವನಿಗೆ ಆ ಕಸ ಫಾರ್ವರ್ಡ್ ಎಂತಕ್ಕೆ?

ಸದಾಶಿವ: ಮತ್ತೆ ಶುರು ಮಾಡಿದೆಯಲ್ಲ.

ರಝಾಕ್: ಜಗಳ ಬಿಡಿ. ನನ್ನ ಅಭಿಪ್ರಾಯ ಕೇಳಿದರೆ ಬರುವ ಆದಿತ್ಯವಾರ ಮೀನಿಗಾಗಿ ಹೋಗಬೇಡಿ. ಈಗ ಹತ್ತಿರದ ಮೀನು ಅಂದರೆ ನಾಡದೋಣಿಯವರು ದಡದ ಹತ್ತಿರ ಹಿಡಿಯುವ ಎಟ್ಟಿ (ಸೀಗಡಿ), ನಂಗ್ ಮೀನು, ಅಳಿವೆಯ ಕಾಣೆ. ಕಡಲು ಜೋರಾದ ದಿನ ಅದೂ ಇಲ್ಲ. ಮರುವಾಯಿಯೂ (ನದಿಯ ಚಿಪ್ಪು) ಕಮ್ಮಿ, ನೆರೆ ನೀರಿಗೆ ನದಿಯ ಉಪ್ಪು ಇಳಿದಿರ್ತದೆ. ಹೋಗುವುದೇ ಆದರೆ ಕೋರಿರೊಟ್ಟಿ (ಕೋಳಿ ಸಾರು, ಗರಿ ಅಕ್ಕಿರೊಟ್ಟಿ) ತಿನ್ನಿ, ರೊಟ್ಟಿಗೆ ಸಾರು ಸ್ವಲ್ಪ ಸ್ವಲ್ಪವೇ ಹಾಕಿ, ಒಮ್ಮೆಲೇ ಹೊಯ್ದರೆ ಮುದ್ದೆ. ಇಲ್ಲದಿದ್ದರೆ ಒಣ ಎಟ್ಟಿಯ ಚಟ್ನಿ, ಕುಚ್ಚಲಕ್ಕಿ ಗಂಜಿ. ಈ ಕರಾವಳಿಯವರು ಮಳೆಗಾಲದಲ್ಲಿ ಯಾವಾಗಲೂ ತಿನ್ನುತ್ತಿದ್ದದ್ದು ಒಣಮೀನೇ. ಆಗಸ್ಟ್ ನಡುವಿಗೆ ಬೋಟಿನ ಹೊಸ ಬಂಗುಡೆ ಬರ್ತದೆ, ಆಗ ಪಟ್ಟಿ ಬೇಡ, ಜನ ಹೆಚ್ಚು ತಿನ್ನುವ ಯಾವ ಹೋಟೆಲಿಗೆ ಹೋದರೂ ಆವತ್ತಿನ ಮೀನೇ.

ವಿದ್ಯಾ: ಆಗಸ್ಟ್ ಅಂದರೆ ನಮಗೆ ಶ್ರಾವಣ. ಮನೆಯಲ್ಲಿ ಮೀನು ಇಲ್ಲ.

ಜಯಂತಿ: ನಮಗೆ ಸೋಣ ತಿಂಗಳಲ್ಲಿ (ಆಟಿಯ ನಂತರದ್ದು) ಶನಿವಾರ ಮೀನು ಇಲ್ಲ, ಆದಿತ್ಯವಾರ ಅಡ್ಡಿಯಿಲ್ಲ.

ಕೃಷ್ಣ ಭಟ್: ನನಗೆ ಯಾವ ವಾರವೂ ಒಂದೇ. ಬಿಲ್ ಬೇರೆ ಅಂತ ಬರೆದು ಪಿನ್ ಮಾಡಿ.

ಈಶ್ವರ ಮಾಷ್ಟ್ರು: ಚೌತಿ ಕಳೆಯಲಿ. ಎಲ್ಲರಿಗೂ ಅನುಕೂಲ. ನಾನೂ ಬರ್ತೇನೆ, ಭಟ್ಟರ ಪಂಕ್ತಿಯಲ್ಲಿ ಕೂರುತ್ತೇನೆ.

ರಝಾಕ್: ಸೆಪ್ಟೆಂಬರ್ ಬಂಗುಡೆಗೆ ಒಳ್ಳೆ ತಿಂಗಳು ಸರ್. ಚೌತಿ ಕಳೆದ ಎರಡನೇ ಆದಿತ್ಯವಾರ ಇಡುವ.

ವಿದ್ಯಾ: ಸರಿ. ಆ ಎರಡು ಗುಂಪಿನಲ್ಲಿ ಫಾರ್ವರ್ಡ್ ಡಿಲೀಟ್ ಮಾಡ್ತೇನೆ. ಒಂದರಲ್ಲಿ ಸಮಯ ಕಳೆದಿದೆ, ಆಗುದಿಲ್ಲ.

ಪ್ರಮೀಳಾ: ಅಲ್ಲಿ ರಝಾಕ್ ಬರೆದದ್ದನ್ನು ಹಾಕು.

ಸದಾಶಿವ: ನನ್ನ ಕಳ್ಳಿನದ್ದೂ ಹಾಕಿ.