ಎಸ್‌ಎಸ್ ಆಜ್ಞೆಯಲ್ಲಿ ಪ್ರೋಸೆಸ್‌ನ ಹೆಸರು ಪೂರ್ತಿ ಕಾಣುತ್ತಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಜಯನಗರದ ನಮ್ಮ ಸಣ್ಣ ಕಚೇರಿಯ ಲಿನಕ್ಸ್ ಸರ್ವರ್‌ನಲ್ಲಿ ಮೂರು ಜಾವಾ ಸೇವೆಗಳು ನಡೆಯುತ್ತಿವೆ. ಯಾವ ಪೋರ್ಟನ್ನು ಯಾವುದು ಹಿಡಿದುಕೊಂಡಿದೆ ಎಂದು ತಿಳಿಯಲು, ನೆಟ್‌ವರ್ಕ್ ಸಂಪರ್ಕಗಳ ಪಟ್ಟಿ ಕೊಡುವ ಎಸ್‌ಎಸ್ (ss) ಆಜ್ಞೆಗೆ, ಪ್ರೋಸೆಸ್‌ನ (ನಡೆಯುತ್ತಿರುವ ಪ್ರೋಗ್ರಾಮಿನ) ಹೆಸರು ತೋರಿಸುವ ‘ಪಿ’ (-p) ಆಯ್ಕೆ ಕೊಟ್ಟರೆ ಮೂರಕ್ಕೂ ‘ಜಾವಾ’ ಎಂದಷ್ಟೇ ಬರುತ್ತದೆ; ನಾವೇ ಬರೆದ ಇನ್ನೊಂದು ಪ್ರೋಗ್ರಾಮಿನ ಉದ್ದನೆಯ ಹೆಸರು ಅರ್ಧಕ್ಕೇ ತುಂಡಾಗಿದೆ; ಕೆಲವು ಸಾಲುಗಳಲ್ಲಿ ಹೆಸರೇ ಇಲ್ಲ. ಕಾರಣವನ್ನೂ ಪರಿಹಾರವನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಹೆಸರಿಲ್ಲದ ಸಾಲುಗಳಿಗೆ ಮೊದಲು ಸುಡೋ (ನಿರ್ವಾಹಕರ ಅಧಿಕಾರದಿಂದ ಆಜ್ಞೆ ನಡೆಸುವ ಸಾಧನ) ಬಳಸಿ ನೋಡಿ. ಕರ್ನಲ್ (ಲಿನಕ್ಸ್‌ನ ತಿರುಳು) ಕೊಡುವ ಸಾಕೆಟ್‌ಗಳ (ಸಂಪರ್ಕದ ತುದಿಗಳ) ಪಟ್ಟಿಯಲ್ಲಿ ಪ್ರೋಸೆಸ್‌ನ ಹೆಸರು ಇರುವುದಿಲ್ಲ, ಸಾಕೆಟ್ಟನ್ನು ಗುರುತಿಸುವ ಐನೋಡ್ ಸಂಖ್ಯೆ ಇರುತ್ತದೆ. ಆದ್ದರಿಂದ ಎಸ್‌ಎಸ್, ಪ್ರೋಸೆಸ್‌ಗಳ ಮಾಹಿತಿ ಇರುವ ‘ಪ್ರಾಕ್’ (/proc) ಡೈರೆಕ್ಟರಿಯೊಳಗೆ ಒಂದೊಂದೇ ಪ್ರೋಸೆಸ್‌ನ ‘ಎಫ್‌ಡಿ’ (fd, ಅದು ತೆರೆದಿಟ್ಟವುಗಳ ಪಟ್ಟಿ) ಡೈರೆಕ್ಟರಿಯನ್ನು ತೆರೆದು, ಅದೇ ಸಂಖ್ಯೆಯ ಸಾಕೆಟ್ ಕೊಂಡಿ ಎಲ್ಲಿದೆ ಎಂದು ಹುಡುಕುತ್ತದೆ. ಬೇರೆ ಬಳಕೆದಾರರ ಡೈರೆಕ್ಟರಿಯನ್ನು ತೆರೆಯಲು ಸಾಮಾನ್ಯ ಬಳಕೆದಾರರಿಗೆ ಅನುಮತಿ ಇಲ್ಲದಿರುವುದರಿಂದ ಆ ಜಾಗ ಖಾಲಿ ಉಳಿಯುತ್ತದೆ. ಟೈಮ್‌-ವೇಟ್ (ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಉಳಿಯುವ) ಸ್ಥಿತಿಯ ಸಂಪರ್ಕಗಳಿಗೂ ಕರ್ನಲ್ ತಾನೇ ತೆರೆದ ಸಾಕೆಟ್‌ಗಳಿಗೂ ಸುಡೋ ಬಳಸಿದರೂ ಹೆಸರು ಸಿಗುವುದಿಲ್ಲ, ಏಕೆಂದರೆ ಅವುಗಳನ್ನು ಹಿಡಿದಿರುವ ಪ್ರೋಸೆಸ್ಸೇ ಇರುವುದಿಲ್ಲ.

ಉತ್ತರ 2:
ತುಂಡಾದ ಹೆಸರಿನ ವಿಷಯ. ಎಸ್‌ಎಸ್ ತೋರಿಸುವುದು ‘ಕಾಮ್’ (comm) ಎಂಬ ಕಿರುಹೆಸರನ್ನು. ಅದಕ್ಕೆ ಕರ್ನಲ್ ಮೀಸಲಿಟ್ಟಿರುವುದು 16 ಬೈಟ್. ಕೊನೆಯ ಸೊನ್ನೆ ಬೈಟನ್ನು ಕಳೆದರೆ 15 ಉಳಿಯುತ್ತದೆ. ಯುಟಿಎಫ್‌-8 ಎಂಬ ಅಕ್ಷರ ಸಂಕೇತ ವ್ಯವಸ್ಥೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ, ಪ್ರೋಗ್ರಾಮಿಗೆ ಕನ್ನಡದಲ್ಲೇ ಹೆಸರಿಟ್ಟರೆ ಐದು ಸಂಕೇತಗಳಿಗೇ ಜಾಗ ಮುಗಿಯುತ್ತದೆ. ತೆರೆದ ಕಡತಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್ (lsof) ಆಜ್ಞೆ ಇನ್ನೂ ಜಿಪುಣ: ಬೇರೆ ಅಗಲವನ್ನು ಕೇಳದಿದ್ದರೆ 9 ಅಕ್ಷರಗಳನ್ನಷ್ಟೇ ತೋರಿಸುತ್ತದೆ. ಎಸ್‌ಎಸ್‌ಗಿಂತ ಹಳೆಯ ನೆಟ್‌ಸ್ಟಾಟ್ ಆಜ್ಞೆ ಮಾತ್ರ ‘ಕಮಾಂಡ್‌ಲೈನ್’ (ಪ್ರೋಗ್ರಾಮನ್ನು ಶುರು ಮಾಡಿದ ಆಜ್ಞೆಯ ಸಾಲು) ಮಾಹಿತಿಯಿಂದ ಹೆಸರನ್ನು ಎತ್ತಿಕೊಳ್ಳುವುದರಿಂದ, ಒಂದೇ ಪ್ರೋಸೆಸ್ ಎರಡು ಆಜ್ಞೆಗಳಲ್ಲಿ ಎರಡು ಹೆಸರಿನಿಂದ ಕಾಣಬಹುದು.

ನಿಮ್ಮ ಜಾವಾ ಸೇವೆಗಳನ್ನು ಬೇರ್ಪಡಿಸಲು ಎಸ್‌ಎಸ್ ಕೊಟ್ಟ ಪಿಐಡಿಯನ್ನು (ಪ್ರೋಸೆಸ್‌ನ ಗುರುತು ಸಂಖ್ಯೆ) ಹಿಡಿದು, ಪ್ರೋಸೆಸ್‌ಗಳ ಪಟ್ಟಿ ಕೊಡುವ ಪಿಎಸ್ (ps) ಆಜ್ಞೆಯಲ್ಲಿ ‘ಆರ್ಗ್ಸ್’ (args, ಪೂರ್ತಿ ಆಜ್ಞೆಯ ಸಾಲು) ಕಾಲಮನ್ನು ಕೇಳಿ. ಜಾವಾ ಪ್ರೋಗ್ರಾಮನ್ನು ಕಟ್ಟಿಟ್ಟ ಜಾರ್ ಕಡತದ ಹೆಸರು ಅಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಆದರೆ ಕಿರುಹೆಸರನ್ನೂ ಆರ್ಗ್ಯುಮೆಂಟ್‌ಗಳನ್ನೂ ಪ್ರೋಸೆಸ್ ತಾನೇ ಬದಲಿಸಿಕೊಳ್ಳಬಲ್ಲದು. ಹಾಗಾಗಿ ಪ್ರೋಸೆಸ್ಸನ್ನು ನಿಲ್ಲಿಸುವ ಮುನ್ನ ‘ಪ್ರಾಕ್’ನಲ್ಲಿರುವ ಅದರ ‘ಸಿಗ್ರೂಪ್’ (cgroup, ಪ್ರೋಸೆಸ್ ಯಾವ ಗುಂಪಿಗೆ ಸೇರಿದೆ ಎಂದು ಹೇಳುವ) ಕಡತವನ್ನು ಓದಿ, ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿಯಲ್ಲಿ ಆ ಸೇವೆಯ ಹೆಸರನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮೂರೂ ಜಾರ್ ಹೆಸರುಗಳು ಸಿಕ್ಕವು. 8080 ಪೋರ್ಟನ್ನು ಹಿಡಿದಿದ್ದದ್ದು ಹಳೆಯ ವರದಿ ಸೇವೆ. ಡಾಕರ್ ಕಂಟೇನರ್ (ಪ್ರೋಗ್ರಾಮನ್ನು ಪ್ರತ್ಯೇಕವಾಗಿ ನಡೆಸುವ ಆವರಣ) ಒಳಗಿನ ಸಂಪರ್ಕಗಳು ಮಾತ್ರ ಪಟ್ಟಿಯಲ್ಲಿಯೇ ಇಲ್ಲವಲ್ಲ?

ಉತ್ತರ 1 ಬರೆದವರು:
ಎಸ್‌ಎಸ್ ತಾನು ನಡೆಯುವ ನೆಟ್‌ವರ್ಕ್ ನೇಮ್‌ಸ್ಪೇಸ್ (ಕರ್ನಲ್ ಬೇರ್ಪಡಿಸಿದ ನೆಟ್‌ವರ್ಕ್ ವಲಯ) ಅನ್ನು ಮಾತ್ರ ನೋಡುತ್ತದೆ. ಕಂಟೇನರ್‌ನ ಪಿಐಡಿ ಕೊಟ್ಟು, ‘ಎನ್‌ಎಸ್‌ಎಂಟರ್’ (nsenter) ಆಜ್ಞೆಯ ಮೂಲಕ ಅದರ ನೆಟ್‌ವರ್ಕ್ ನೇಮ್‌ಸ್ಪೇಸ್‌ನೊಳಗೆ ಎಸ್‌ಎಸ್ ನಡೆಸಿದರೆ ಅವೂ ಕಾಣುತ್ತವೆ.